ಬೆನ್ನ ಮೇಲಿನ ಪಿನ್ನು

ಮಾರ್ಚ್ 4, ಬುಧವಾರ

ಬೆಳಿಗ್ಗೆಯಿಂದ ಕಂಕುಳು ಮೂಸಿದ್ದೇ ಕೆಲಸ. ಮಂಗಳವಾರ ನನ್ನ ರಜೆ. ಆ ದಿನ ಎಕ್ಸ್‌ಚೇಂಜ್ ಕೌಂಟರಿಗೆ ವಾಪಸು ಬಂದ ಬಟ್ಟೆಯನ್ನೆಲ್ಲ ಬುಟ್ಟಿಗೆ ತುಂಬಿಡುತ್ತಾರೆ. ಬುಧವಾರ ನಾನು ಒಂದೊಂದೇ ಬಿಡಿಸಿ ನೋಡಬೇಕು. ಕಂಕುಳಲ್ಲಿ ಬೆವರು, ಕೊರಳಲ್ಲಿ ಪೌಡರು, ಜೇಬಿನಲ್ಲಿ ಬಸ್ ಟಿಕೆಟು. 'ಒಂದು ಸಲಾನೂ ಹಾಕಿಲ್ಲ' ಎಂದು ಆಣೆ ಮಾಡಿ ಹೋದವರ ಗೌನಿನಲ್ಲಿ ಇವತ್ತು ಸಿಕ್ಕಿದ್ದು ಹಲ್ಲುಕಡ್ಡಿ. ಅದೂ ಉಪಯೋಗಿಸಿದ್ದು.

ಏನು ಟ್ರೆಂಡೋ ಅದೇ ಮೊದಲು ವಾಪಸು ಬರುತ್ತದೆ. ಈ ಸಲ ಅಗಲ ಪ್ಯಾಂಟು ಮತ್ತು ತುಂಡು ಜಾಕೆಟ್ಟು. ವಿಡಿಯೋ ನೋಡಿ ಕೊಳ್ಳುತ್ತಾರೆ, ಮನೆಯ ಕನ್ನಡಿ ನೋಡಿ ತಂದು ಬಿಸಾಡುತ್ತಾರೆ.

ಮತ್ತೆ ಪಿನ್ನಿನ ತೂತು ಸಿಕ್ಕಿತು. ಸ್ಯಾಟಿನ್ ಡ್ರೆಸ್ಸಿನ ಬೆನ್ನಿನಲ್ಲಿ, ಎರಡೂ ಕಡೆ, ಮೇಲಿನಿಂದ ಕೆಳಕ್ಕೆ. ಸ್ಯಾಟಿನ್‌ಗೆ ಒಮ್ಮೆ ತೂತು ಬಿದ್ದರೆ ಮುಚ್ಚಿಕೊಳ್ಳುವುದಿಲ್ಲ. ಅರೆಬೆಲೆಗೆ ಮಾರುವ ಸೆಕೆಂಡ್ಸ್ ರಾಶಿಗೆ ಹೋಯಿತು. ಕಳೆದ ತಿಂಗಳಿನಿಂದ ಇದೇ ಕಥೆ.

ಮ್ಯಾನೇಜರ್ ಮೇಡಂ ಬೆರಳಿನಿಂದ ತೂತು ಸವರಿ ನೋಡಿದರು.

'ಯಾರೋ ಹಾಕ್ಕೊಂಡು ಮೆರೆದು ತಂದು ಕೊಡ್ತಿದ್ದಾರೆ. ಹಿಡಿದು ಕೊಡಿ. ಏಪ್ರಿಲ್‌ನಿಂದ ಫ್ಲೋರ್ ನಿಮಗೇ.'

ಫ್ಲೋರ್ ಇನ್‌ಚಾರ್ಜ್ ಆದರೆ ಈ ಬೂದು ಕೋಟು ಇಲ್ಲ. ಅಂಗಡಿಯಲ್ಲಿ ಯೂನಿಫಾರ್ಮ್ ಹಾಕದೆ ಇರುವವಳು ಇನ್‌ಚಾರ್ಜ್ ಒಬ್ಬಳೇ. ದಿನಾ ಸ್ವಂತ ಬಟ್ಟೆ. ಗಿರಾಕಿ ನೋಡಿ 'ನೀವು ಹಾಕಿರೋದು ಎಲ್ಲಿದೆ?' ಎಂದು ಕೇಳಬೇಕು — ಅದೇ ಆ ಕೆಲಸ. ನನ್ನ ಲೆಕ್ಕ ತಲೆಯಲ್ಲಿ ಸಿದ್ಧವಿದೆ. ಸರಿಯಾದ ಉದ್ದದ ಕಪ್ಪು ಪ್ಯಾಂಟು, ಎರಡು ಒಳ್ಳೆಯ ಶರ್ಟು, ಕಡುಹಸಿರು ಬ್ಲೇಜರು. ಬ್ಲೇಜರ್ ಎರಡನೇ ರ‍್ಯಾಕಿನ ತುದಿಯಲ್ಲಿದೆ. ನನ್ನ ಅಳತೆಯದು ಒಂದೇ ಉಳಿದಿದೆ. ದಿನಾ ಹೋಗುವಾಗ ಅದರ ಮುಂದೆ ಕಂದು ಬಣ್ಣದ್ದೊಂದನ್ನು ನೇತುಹಾಕಿ ಮರೆಮಾಡಿ ಹೋಗುತ್ತೇನೆ.

ಮಾರ್ಚ್ 5

ಮಹಡಿಯವಳು ಇವತ್ತು ಹೊಸ ವಿಡಿಯೋ ಹಾಕಿದ್ದಾಳೆ. ಮಹಡಿಯವಳೆಂದರೆ ನನ್ನ ಮೈದುನನ ಹೆಂಡತಿ. ಮೇಲೆ ಅವರು, ಕೆಳಗೆ ನಾವು, ಒಂದೇ ಅಡುಗೆಮನೆ. ಅತ್ತೆ ಫೋನನ್ನು ಸಾರಿನ ಪಾತ್ರೆಗೆ ಒರಗಿಸಿ ನೋಡುತ್ತಿದ್ದರು.

'ಹಾಯ್ ಗರ್ಲ್ಸ್! ಬೀರು ತುಂಬ ಬಟ್ಟೆ, ಹಾಕೋಕೆ ಒಂದೂ ಇಲ್ಲ — ನಿಮ್ಮದೂ ಇದೇ ಗೋಳಾ?'

ಕಡಿಮೆ ಕೊಳ್ಳಿ. ಒಂದಕ್ಕೊಂದು ಹೊಂದುವ ನಾಲ್ಕು ಬಣ್ಣ ಇಟ್ಟುಕೊಳ್ಳಿ. ಮೊದಲು ಭುಜ ಸರಿ ಕೂರುತ್ತದೆಯೇ ನೋಡಿ, ಸೊಂಟ ಆಮೇಲೆ. ಹೇಳುವುದೆಲ್ಲ ಸರಿಯಾಗಿಯೇ ಇದೆ. ಸಿಟ್ಟು ಬರುವುದೇ ಅದಕ್ಕೆ. ಎಲ್ಲವೂ ನಾನು ಊಟಕ್ಕೆ ಕೂತಾಗ ಆಡಿದ ಮಾತು. ಭುಜದ ಮಾತಂತೂ ಅಕ್ಷರಕ್ಕೆ ಅಕ್ಷರ ನನ್ನದು.

ಗೋಡೆಗೆ ಬೆನ್ನು ಕೊಟ್ಟು ಸೈನಿಕನ ಹಾಗೆ ನಿಲ್ಲುತ್ತಾಳೆ. ಬಟ್ಟೆ ಮೈಗೆ ಅಚ್ಚು ಹೊಯ್ದ ಹಾಗೆ ಕೂತಿರುತ್ತದೆ. ದಿನಕ್ಕೊಂದು ಹೊಸದು.

'ಎಲ್ಲಿಂದ ಬರುತ್ತೆ ಇಷ್ಟೊಂದು?' ಎಂದೆ.

'ಸ್ಪಾನ್ಸರ್ ಇದ್ದಾರೆ ಅಕ್ಕ.'

'ಯಾರು?'

'ಹೆಸರು ಹೇಳೋ ಹಾಗಿಲ್ಲ.'

ಅತ್ತೆ ನಕ್ಕರು. ಯಾಕೆ ನಕ್ಕರೋ ಗೊತ್ತಾಗಲಿಲ್ಲ.

ಮಾರ್ಚ್ 8, ಭಾನುವಾರ

ಮಧ್ಯಾಹ್ನ ಅಂಗಡಿಯಲ್ಲಿ ಬಿಲ್ಲಿಂಗ್‌ನವಳು ಫೋನ್ ಹಿಡಿದುಕೊಂಡು ಬಂದಳು. 'ಅಕ್ಕ, ಇದು ನಿಮ್ಮ ಬೀರು ಅಲ್ವಾ?'

ನನ್ನದೇ. ನನ್ನ ಕೋಣೆ, ನನ್ನ ಕಬ್ಬಿಣದ ಬೀರು. ವಿಡಿಯೋದ ಹೆಸರು 'ಬಿಫೋರ್'. ಮಹಡಿಯವಳು ಬಲಗಡೆ ಬಾಗಿಲು ತೆಗೆದು, ಹ್ಯಾಂಗರಿನಲ್ಲಿದ್ದ ನನ್ನ ಬೂದು ಕೋಟುಗಳನ್ನು ಎರಡು ಬೆರಳಿನಲ್ಲಿ, ಸತ್ತ ಇಲಿ ಹಿಡಿದ ಹಾಗೆ ಹಿಡಿದು ತೋರಿಸುತ್ತಾಳೆ. 'ನಮ್ಮ ಅಕ್ಕನ ಜೈಲ್ ವಾರ್ಡನ್ ಕಲೆಕ್ಷನ್!' ಕೆಳಗೆ ಕಾಮೆಂಟುಗಳು. ಇದು ಬೀರುವೋ ಗುಜರಿಯೋ. ಪಾಪ ಆಂಟಿ. ಆಂಟಿಗೆ ಯಾರಾದರೂ ಹೇಳಿ.

ಎಡಗಡೆ ಬಾಗಿಲು ಮಾತ್ರ ತೆಗೆದಿಲ್ಲ. ಒಳಬಟ್ಟೆ ಇರುವುದು ಆ ಕಡೆ. ಅಷ್ಟಾದರೂ ನಾಚಿಕೆ ಉಳಿದಿದೆ ಎಂದುಕೊಂಡೆ. ಅದರ ಚಿಲಕ ಹಾಳಾಗಿದೆ, ಪೇಪರ್ ಮಡಿಸಿ ಸಂದಿಗೆ ತುರುಕಿಟ್ಟಿದ್ದೇನೆ. ಆ ಪೇಪರ್ ತೆಗೆದರೆ ಬಾಗಿಲು ತಾನಾಗಿ ಅಗಲಕ್ಕೆ ತೆರೆದುಕೊಳ್ಳುತ್ತದೆ. ಚಿಲಕ ರಿಪೇರಿ ಮಾಡಿಸಿ ಎಂದಿದ್ದಕ್ಕೆ ಇವರು ಬಂದು ಬಾಗಿಲ ಕೀಲುಗಳಿಗೆ ಎಣ್ಣೆ ಬಿಟ್ಟು ಹೋದರು. ಈಗ ಸದ್ದಿಲ್ಲದೆ ತೆರೆದುಕೊಳ್ಳುತ್ತದೆ.

ಸಂಜೆ ಜಗಳ.

'ನನ್ನ ಬೀರು ತೆಗೆಯೋಕೆ ನಿನಗೆ ಯಾರೇ ಹೇಳಿದ್ದು?'

'ಅಯ್ಯೋ ಅಕ್ಕ, ನಿಮ್ಮ ಮುಖ ತೋರಿಸಿದ್ನಾ? ಬೀರು ತಾನೆ. ಇನ್ನೊಂದು ಸಲ ಲೈವ್‌ನಲ್ಲಿ ಬೀರು ಹೊಸದಾಗಿ ಜೋಡಿಸಿ ಆಫ್ಟರ್ ಮಾಡ್ತೀನಿ. ಆಗ ನೋಡಿ, ಎಲ್ಲರೂ ಹೊಗಳ್ತಾರೆ.'

'ಬೀಗ ಹಾಕಿತ್ತು.'

'ಬೀಗದಕೈ ನಾನೇ ಕೊಟ್ಟೆ' ಎಂದರು ಅತ್ತೆ. 'ಒಳಗೇನು ವಜ್ರ ಇಟ್ಟಿದ್ದೀಯಾ? ಅವಳಿಗೊಂದು ಹೆಸರು ಬರ್ತಿದೆ, ನಿನಗ್ಯಾಕೆ ಹೊಟ್ಟೆಯುರಿ?'

ಇವರನ್ನು ನೋಡಿದೆ. ಪೇಪರ್ ಹಿಂದೆ ಕೂತಿದ್ದರು. ಅರ್ಧ ಗಂಟೆಯಿಂದ ಹವಾಮಾನ ವರದಿಯನ್ನೇ ಓದುತ್ತಿದ್ದರು.

'ಒಳ್ಳೇದಕ್ಕೇ ಮಾಡಿರ್ತಾಳೆ, ಬಿಡು.'

ಬಿಡುವುದಿಲ್ಲ.

ಮಾರ್ಚ್ 11, ಬುಧವಾರ. ಮಧ್ಯಾಹ್ನ, ಸ್ಟೋರ್ ರೂಮಿನಲ್ಲಿ ಕೂತು

ಕ್ರಮವಾಗಿ ಬರೆಯುತ್ತೇನೆ.

ಇವತ್ತಿನ ಬುಟ್ಟಿಯಲ್ಲಿ ಒಂದು ಕೆನೆಬಣ್ಣದ ಶರ್ಟು. ಬೆನ್ನಿನಲ್ಲಿ ಅದೇ ತೂತುಗಳು. ಮುಂದೆ ಮೂರನೇ ಗುಂಡಿ ತಿಳಿನೀಲಿ ದಾರದಲ್ಲಿ ಹೊಲಿದದ್ದು. ಅದನ್ನು ಹೊಲಿದವಳು ನಾನೇ. ಮಾಲು ಬಂದ ದಿನ ಗುಂಡಿ ಕಿತ್ತುಬಂದಿತ್ತು, ಕೆನೆಬಣ್ಣದ ದಾರ ಇರಲಿಲ್ಲ.

ಆ ಗುಂಡಿಯನ್ನು ಇನ್ನೆಲ್ಲೋ ನೋಡಿದ್ದೇನೆ ಅನ್ನಿಸಿತು. ಫೋನ್ ತೆಗೆದು ಮಹಡಿಯವಳ ಹೋದ ಶುಕ್ರವಾರದ ವಿಡಿಯೋ ಹಾಕಿದೆ. ದೊಡ್ಡದು ಮಾಡಿದೆ. ಮಸುಕಾಗಿತ್ತು. ಆದರೂ ನೀಲಿ.

ಆದರೆ ಈ ಶರ್ಟು ನನ್ನ ಅಳತೆಯದು. ನಾವಿಬ್ಬರೂ ಅಕ್ಕಪಕ್ಕ ನಿಂತರೆ ನಾನು ಹಾಸಿಗೆಯ ಸುರುಳಿ, ಅವಳು ಕೊಡೆಯ ಕಡ್ಡಿ. ಆಗ ಪಿನ್ನಿನ ಅರ್ಥವಾಯಿತು. ಹೆಚ್ಚಾದ ಬಟ್ಟೆಯನ್ನೆಲ್ಲ ಹಿಂದಕ್ಕೆ ಎಳೆದು ಪಿನ್ನು ಹಾಕಿಕೊಳ್ಳುತ್ತಾಳೆ. ಮುಂದಿನಿಂದ ನೋಡಿದರೆ ಅಚ್ಚು ಹೊಯ್ದ ಹಾಗೆ.

ದೊಡ್ಡ ಅಳತೆಯನ್ನೇ ಯಾಕೆ ಕೊಳ್ಳಬೇಕು? ಅದಕ್ಕೂ ಉತ್ತರ ಗೊತ್ತಿತ್ತು. ಕೇಳಲು ಭಯ. ಆದರೂ ಈ ಶರ್ಟು ಯಾರ ಕಾರ್ಡಿನಲ್ಲಿ ಬಿಲ್ಲಾಯಿತೆಂದು ಬಿಲ್ಲಿಂಗ್‌ನವಳನ್ನು ಕೇಳಿದೆ. ನಮ್ಮ ಅಂಗಡಿಯ ಸ್ಟಾಫ್ ಕಾರ್ಡಿನಲ್ಲಿ ಹೆಸರಿನ ಜೊತೆ ಅಳತೆಯೂ ಇರುತ್ತದೆ. ಅರ್ಧ ಬೆಲೆಗೆ ಕೊಂಡು ನೆಂಟರಿಷ್ಟರಿಗೆ ಹಂಚಬಾರದೆಂದು ಮಾಲೀಕರು ಮಾಡಿದ ಉಪಾಯ. ಕಾರ್ಡಿನಲ್ಲಿರುವ ಅಳತೆಯದಷ್ಟೇ ಬಿಲ್ಲಾಗುತ್ತದೆ.

ಬಿಲ್ಲಿಂಗ್‌ನವಳು ಕಣ್ಣು ಬಿಟ್ಟಳು. 'ನಿಮ್ಮ ಕಾರ್ಡೇ ಅಲ್ವಾ ಅಕ್ಕ? ಪ್ರತಿ ಮಂಗಳವಾರ ನಿಮ್ಮ ಅತ್ತೆ ಬಂದು ಹಳೇದು ವಾಪಸ್ ಕೊಟ್ಟು ಹೊಸದು ತಗೊಂಡು ಹೋಗ್ತಾರಲ್ಲ. ಸೊಸೆ ಕಳಿಸಿದಳು ಅಂತಾರೆ. ಪಾಪ, ಬಿಸಿಲಲ್ಲಿ ಬರ್ತಾರೆ, ನಾನೇ ನೀರು ಕೊಡ್ತೀನಿ.'

ಪ್ರತಿ ಮಂಗಳವಾರ ಅತ್ತೆ ಮಂಡಿನೋವಿಗೆ ಡಾಕ್ಟರ ಹತ್ತಿರ ಹೋಗುತ್ತಾರೆ. ರಜೆಯ ದಿನ, ನಾನೇ ಆಟೋ ಹತ್ತಿಸಿ ಕಳಿಸುತ್ತೇನೆ.

'ನಿನ್ನೆ ಹಸಿರು ಬ್ಲೇಜರ್ ತಗೊಂಡ್ರಲ್ಲ, ಅಂತೂ ಇಂತೂ ತಗೊಂಡ್ರಿ ಅಂತ ನಮಗೆಲ್ಲ ಖುಷಿಯಾಯ್ತು.'

ರ‍್ಯಾಕಿನ ತುದಿಗೆ ಹೋಗಿ ನೋಡಿದೆ. ಕಂದು ಬಣ್ಣದ್ದು ಇದೆ. ಅದರ ಹಿಂದೆ ಏನೂ ಇಲ್ಲ.

ಮಾರ್ಚ್ 12

ಕಾರ್ಡು ಪರ್ಸಿನಲ್ಲೇ ಇದೆ. ಆದರೆ ತಪ್ಪು ಜೇಬಿನಲ್ಲಿ. ಎಷ್ಟು ಸಲ ಹೀಗೆ ಹೋಗಿ ಬಂದಿದೆಯೋ.

ಬೆಳಿಗ್ಗೆ ಅಡುಗೆಮನೆಯಲ್ಲೇ ಕೇಳಿದೆ. ಇಬ್ಬರೂ ಸಿಕ್ಕರು. ಸುಳ್ಳು ಹೇಳುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ.

'ಮನೇಲಿ ಒಂದು ಕಾರ್ಡ್ ಇದೆ, ಮನೆಯವರೇ ಉಪಯೋಗಿಸಿದ್ರು' ಎಂದರು ಅತ್ತೆ. 'ನೀನಂತೂ ಏನೂ ಕೊಳ್ಳಲ್ಲ. ಸುಮ್ನೆ ಕೊಳೀತಿತ್ತು.'

'ಆ ಬ್ಲೇಜರ್ ತಂದು ಕೊಡು' ಎಂದೆ ಮಹಡಿಯವಳಿಗೆ.

'ಕೊಡ್ತೀನಿ ಅಕ್ಕ. ವಿಡಿಯೋ ಆದ್ಮೇಲೆ ಅಂಗಡಿಗೇ ವಾಪಸ್ ಹೋಗುತ್ತೆ. ಹದಿನೈದು ದಿನ ಟೈಮ್ ಇದೆಯಲ್ಲ.'

'ತೂತು ಬಿದ್ದ ಮೇಲಾ?'

'ನೀವು ತಾನೆ ಚೆಕ್ ಮಾಡೋದು. ಕಣ್ಣು ಮುಚ್ಚಿಕೊಂಡು ಪಾಸ್ ಮಾಡಿ.'

'ಮೇಡಂಗೆ ಹೇಳ್ತೀನಿ.'

ಅವಳು ಕಾಫಿ ಲೋಟ ಕೆಳಗಿಟ್ಟಳು. ನಗು ಹಾಗೇ ಇತ್ತು. 'ಹೇಳಿ ಅಕ್ಕ. ಕಾರ್ಡ್ ಯಾರದು ಅಂತ ಅವರು ಮೊದಲು ಕೇಳ್ತಾರೆ. ಅಳತೆ ಯಾರದು ಅಂತ ಆಮೇಲೆ ಕೇಳ್ತಾರೆ. ಎರಡಕ್ಕೂ ನಿಮ್ಮದೇ ಹೆಸರು ಹೇಳ್ಬೇಕಾಗುತ್ತೆ.'

ಇವರು ಹಲ್ಲುಜ್ಜುತ್ತ ಬಾಗಿಲಲ್ಲಿ ನಿಂತಿದ್ದರು. ಬಾಯಲ್ಲಿ ಬ್ರಷ್ ಇದ್ದದ್ದು ಅವರಿಗೆ ಅನುಕೂಲವಾಯಿತು.

ಮಾರ್ಚ್ 17, ಮಂಗಳವಾರ

ನಾಲ್ಕು ದಿನ ಬರೆಯಲಿಲ್ಲ. ಬರೆಯುವಂಥದ್ದು ಮನೆಯಲ್ಲಿ ಆಗಿಲ್ಲ. ಮಾತು ನಿಂತಿದೆ. 'ಗ್ಯಾಸ್ ಆರಿಸಿ', 'ಹಾಲು ಬಂತು' — ಅಷ್ಟೇ. ಕಾರ್ಡು ಈಗ ರಾತ್ರಿ ದಿಂಬಿನ ಚೀಲದಲ್ಲಿ, ಹಗಲು ನನ್ನ ಕಾಲುಚೀಲದಲ್ಲಿ.

ಅತ್ತೆಗೆ ಇವತ್ತು ಮಂಡಿನೋವಿಲ್ಲ.

ಮಾರ್ಚ್ 18, ಬುಧವಾರ

ಮೇಡಂಗೆ ಎಲ್ಲ ಹೇಳಿದೆ. ಮಹಡಿಯವಳು ಹೇಳಿದ ಹಾಗೆಯೇ ಆಯಿತು.

'ಬಿಲ್ ನಿಮ್ಮ ಕಾರ್ಡ್ ಮೇಲಿದೆ. ಬಂದಿದ್ದು ನಿಮ್ಮ ಅತ್ತೆ. ಅಳತೆ ನಿಮ್ಮದು.'

'ಹಾಕಿದ್ದು ಅವಳು ಮೇಡಂ. ವಿಡಿಯೋ ನೋಡಿ.'

ನೋಡಿದರು. ಮೂರು ವಿಡಿಯೋ ಪೂರ್ತಿ ನೋಡಿದರು. ಮೂರನೆಯದು ಮುಗಿಯುವ ಹೊತ್ತಿಗೆ ಅವರಿಗೆ ಅವಳು ಇಷ್ಟವಾಗಿದ್ದಳು, ಮುಖದಲ್ಲೇ ಕಾಣಿಸಿತು.

'ಈ ಡಿಸೈನ್ ಊರಲ್ಲಿ ನೂರು ಜನ ಹಾಕ್ತಾರೆ. ಈ ಹುಡುಗಿಗೆ ನೋಡಿ ಎಷ್ಟು ಚೆನ್ನಾಗಿ ಕೂತಿದೆ. ಇದು ನಿಮ್ಮ ಅಳತೆ ಬಟ್ಟೆ ಅಂತ ಹೇಗೆ ನಂಬಲಿ?'

'ಬೆನ್ನಲ್ಲಿ ಪಿನ್ ಇದೆ.'

'ಬೆನ್ನು ಎಲ್ಲಿದೆ? ತೋರಿಸಿ.'

ದಾರದ ಬಣ್ಣ ತೋರಿಸಿದೆ. ಫೋನಿನಲ್ಲಿ ಎಲ್ಲವೂ ನೀಲಿಯಾಗಿಯೇ ಕಾಣುತ್ತದೆ ಎಂದರು. ಬೇರೆಯವರಾಗಿದ್ದರೆ ನಾನೂ ಹಾಗೆಯೇ ಹೇಳುತ್ತಿದ್ದೆ.

'ಸೋಮವಾರ ಮಾಲೀಕರು ಬರ್ತಾರೆ. ಅಷ್ಟರೊಳಗೆ ಬೆನ್ನು ತೋರಿಸಿದ್ರೆ ಫ್ಲೋರ್ ನಿಮ್ಮದು. ಇಲ್ಲಾಂದ್ರೆ… ಬೂದು ಕೋಟು ಉಳಿಯೋದೂ ಕಷ್ಟ, ನೋಡಿ.'

ಮಾರ್ಚ್ 19

ಅವಳ ವಿಡಿಯೋ ಎಲ್ಲವನ್ನೂ ನೋಡಿದೆ. ಬೆನ್ನು ಒಂದರಲ್ಲೂ ಇಲ್ಲ. ಬರುವಾಗ ಎದುರಿನಿಂದ ಬರುತ್ತಾಳೆ, ಹೋಗುವಾಗ ಹಿಂದಕ್ಕೆ ಹೆಜ್ಜೆಯಿಟ್ಟು ಹೋಗುತ್ತಾಳೆ.

ಇವತ್ತು ಅವಳು ಶೂಟ್ ಮಾಡುವಾಗ ಮೆಟ್ಟಿಲಲ್ಲಿ ನಿಂತು ಬೇಕೆಂದೇ ಪಾತ್ರೆ ಬೀಳಿಸಿದೆ. ತಿರುಗಲಿಲ್ಲ. ಕತ್ತು ಮಾತ್ರ ತಿರುಗಿತು, ಗೂಬೆಯ ಹಾಗೆ. ಅವಳು ಕೆಳಗಿದ್ದಾಗ ಅವಳ ಕೋಣೆಗೆ ಹೋಗಿ ನೋಡಿದೆ. ನನ್ನ ಬ್ಲೇಜರ್ ಹ್ಯಾಂಗರಿನಲ್ಲಿದೆ. ಟ್ಯಾಗ್ ತೋಳಿನೊಳಗೆ ಮಡಚಿದ್ದಾಳೆ. ಇನ್ನೂ ತೂತಿಲ್ಲ. ಫೋಟೋ ತೆಗೆದರೆ ಬ್ಲೇಜರ್ ನಮ್ಮ ಮನೆಯಲ್ಲಿದೆ ಎಂದಷ್ಟೇ ರುಜುವಾತಾಗುತ್ತದೆ. ಅದರಿಂದ ಸಿಕ್ಕಿಬೀಳುವವಳು ನಾನೇ.

ಭುಜ ಮುಟ್ಟಿ ನೋಡಿದೆ. ಒಳ್ಳೆಯ ಹೊಲಿಗೆ.

ಮಾರ್ಚ್ 20, ಶುಕ್ರವಾರ

ಬೆಳಿಗ್ಗೆ ಅವಳೇ ಮಾತಾಡಿಸಿದಳು. 'ಅಕ್ಕ, ನಾಳೆ ಸಂಜೆ ಆರಕ್ಕೆ ನಿಮ್ಮ ಬೀರು ಆಫ್ಟರ್ ಲೈವ್. ಎಲ್ಲರೂ ಕೇಳ್ತಿದ್ದಾರೆ. ಕೋಪ ಬಿಡಿ ಪ್ಲೀಸ್.'

ಆಗುವುದಿಲ್ಲ ಎನ್ನಲು ಬಾಯಿ ತೆರೆದೆ. ತೆರೆದ ಬಾಯಿ ಹಾಗೇ ನಿಂತಿತು.

ಎಡಗಡೆ ಬಾಗಿಲು.

ಅವಳು ಅದನ್ನು ತೆಗೆಯದೆ ಬಿಟ್ಟದ್ದು ನನ್ನ ಒಳಬಟ್ಟೆಯ ಮೇಲಿನ ಮರ್ಯಾದೆಯಿಂದಲ್ಲ. ಆ ಬಾಗಿಲ ಒಳಗಡೆ ಆಳೆತ್ತರದ ಕನ್ನಡಿ ಇದೆ.

'ಆಯ್ತು, ಮಾಡು' ಎಂದೆ. ಅತ್ತೆ ನನ್ನನ್ನು ಅನುಮಾನದಿಂದ ನೋಡಿದರು. ನಾನು ಏನಾದರೂ ಒಪ್ಪಿಕೊಂಡರೆ ನನಗೆ ಮೈ ಹುಷಾರಿಲ್ಲವೇನೋ ಎಂದು ಅವರಿಗೆ ಅನ್ನಿಸುತ್ತದೆ.

ಮಧ್ಯಾಹ್ನ ರಜೆ ಹಾಕಿ ಬಂದು ಪರೀಕ್ಷೆ ಮಾಡಿದೆ. ಡಬ್ಬದ ಮೇಲೆ ಫೋನ್ ಇಟ್ಟು, ಅವಳು ನಿಂತಿದ್ದ ಜಾಗದಲ್ಲಿ ಬೀರುವಿಗೆ ಬೆನ್ನು ಮಾಡಿ ನಿಂತೆ. ಪೇಪರಿನ ಮಡಿಕೆ ಮೊದಲೇ ತೆಗೆದಿದ್ದೆ. ಬಾಗಿಲು ಸದ್ದಿಲ್ಲದೆ ಬಂತು. ವಿಡಿಯೋ ನೋಡಿದೆ — ನನ್ನ ಬೆನ್ನಿನ ಮುಕ್ಕಾಲು ಭಾಗ ಕನ್ನಡಿಯಲ್ಲಿದೆ. ಬೂದು ಕೋಟು ಹಿಂದೆ ಸವೆದು ಬಿಳಿಚಿಕೊಂಡಿದೆ. ಇಷ್ಟು ದಿನ ಗಿರಾಕಿಗಳೆಲ್ಲ ನೋಡಿದ್ದಾರೆ, ನಾನೊಬ್ಬಳೇ ನೋಡಿರಲಿಲ್ಲ.

ಮೇಡಂಗೆ ಫೋನ್ ಮಾಡಿದೆ. 'ನಾಳೆ ಆರಕ್ಕೆ ಲೈವ್ ನೋಡಿ. ಕೊನೇವರೆಗೂ ನೋಡಿ.'

ಮಾರ್ಚ್ 21, ಶನಿವಾರ. ಸಂಜೆ ಐದೂವರೆ

ಕೋಣೆಗೆ ದೀಪದ ಸ್ಟ್ಯಾಂಡು ಬಂದಿದೆ. ನನ್ನ ಬೂದು ಕೋಟುಗಳು ಮಂಚದ ಕೆಳಗೆ ಹೋಗಿವೆ. ಬೀರುವಿನ ಬಲಭಾಗದಲ್ಲಿ ಅವಳ ಬಟ್ಟೆ ಬಣ್ಣದ ಸಾಲಿನಲ್ಲಿ ನಿಂತಿದೆ. ಬಿಳಿ, ಕೆನೆ, ಕಂದು, ಕಪ್ಪು. ನೋಡಲು ಚೆನ್ನಾಗಿದೆ. ಸುಳ್ಳು ಬರೆಯುವುದಿಲ್ಲ.

ಅತ್ತೆ ಪಕ್ಕದ ಮನೆಗೆ ಹೋಗಿ ಇನ್ನೂ ಬಂದಿಲ್ಲ. ಪಿನ್ನು ಹಾಕುವವರು ದಿನಾ ಅವರೇ ಅಂತೆ. ಮಹಡಿಯವಳು ಹಸಿರು ಬ್ಲೇಜರ್ ಹಾಕಿಕೊಂಡು ನನ್ನ ಮುಂದೆ ಬಂದು ನಿಂತಳು. ಭುಜ ಎರಡೂ ಕಡೆ ಇಳಿಬಿದ್ದಿತ್ತು, ಅಪ್ಪನ ಕೋಟು ಹಾಕಿದ ಮಗುವಿನ ಹಾಗೆ.

'ಅಕ್ಕ, ಸ್ವಲ್ಪ ಹಾಕಿಕೊಡಿ ಪ್ಲೀಸ್. ಟೈಮಾಯ್ತು.'

ಹಾಕಿದೆ. ಹೊಲಿಗೆಯ ಸಾಲು ಹಿಡಿದು, ಅದರೊಳಗೇ ಪಿನ್ನು ಇಳಿಸಿದೆ. ಹಾಗೆ ಹಾಕಿದರೆ ತೂತು ಉಳಿಯುವುದಿಲ್ಲ. ಅವಳ ಮೇಲಿನ ಪ್ರೀತಿಯಿಂದಲ್ಲ. ಬ್ಲೇಜರ್ ನನ್ನದು.

ಅವಳ ಕತ್ತಿನ ಕೆಳಗೆ ಸಣ್ಣ ಸಣ್ಣ ಗೀರುಗಳಿದ್ದವು. ಕೆಲವು ಹಳೆಯವು.

'ನೀವು ಹಾಕಿದ್ರೆ ಚುಚ್ಚೋದೇ ಇಲ್ಲ ಅಕ್ಕ. ಅತ್ತೆ ಹಾಕಿದ್ರೆ ದಿನಾ ರಕ್ತ.'

ಒಂದು ಕ್ಷಣ ಪಿನ್ನು ಕೈಯಲ್ಲೇ ಉಳಿಯಿತು. ಆಮೇಲೆ 'ಪಾಪ ಆಂಟಿ' ನೆನಪಾಯಿತು. ಹಾಕಿದೆ.

ಆರಕ್ಕೆ ಐದು ನಿಮಿಷ

'ನೀವು ಮಂಚದ ತುದೀಲಿ ಕೂತ್ಕೊಳ್ಳಿ. ಏನಾದರೂ ಬರೀತಿರೋ ಹಾಗೆ ಮಾಡಿ ಅಕ್ಕ, ನ್ಯಾಚುರಲ್ ಆಗಿ ಕಾಣುತ್ತೆ.'

ಅದಕ್ಕೇ ಬರೆಯುತ್ತಿದ್ದೇನೆ. ಪೇಪರಿನ ಮಡಿಕೆ ನನ್ನ ಜೇಬಿನಲ್ಲಿದೆ. ಎಡಬಾಗಿಲನ್ನು ಕಾಲಿನ ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದೇನೆ. ಫೋನಿಗೆ ಕಾಣುವುದಿಲ್ಲ.

ಶುರುವಾಯಿತು. 'ಹಾಯ್ ಗರ್ಲ್ಸ್!' ಜನ ಬರುತ್ತಿದ್ದಾರೆ. ಮೇಡಂ ಬಂದಿದ್ದಾರೋ ಇಲ್ಲವೋ ತಿಳಿಯದು. 'ಹಿಂದೆ ಇರೋರು ನಮ್ಮ ಅಕ್ಕ. ಡೈರಿ ಬರೀತಾರೆ, ಡಿಸ್ಟರ್ಬ್ ಮಾಡೋದು ಬೇಡ' — ನಕ್ಕಳು. ಬಿಳಿ ಶರ್ಟಿನ ಬಗ್ಗೆ ಹೇಳಿದಳು. ಕಪ್ಪು ಪ್ಯಾಂಟಿನ ಉದ್ದದ ಬಗ್ಗೆ. ಅದೂ ನನ್ನ ಮಾತು. ಹೆಬ್ಬೆರಳು ಜೋಮು ಹಿಡಿಯುತ್ತಿದೆ.

'ಈಗ ಈ ಬ್ಲೇಜರ್. ಹೇಗೆ ಕೂತಿದೆ ನೋಡಿ. ಇದು ನಮ್ಮ ಅಕ್ಕನ ಆಯ್ಕೆ, ಅವರದು ಒಳ್ಳೇ ಕಣ್ಣು…'

ಈಗ ಯಾಕೆ ಇದನ್ನು ಹೇಳಿದಳು.

ಹೇಳಲಿ. ಹೇಳುವುದಿದ್ದರೆ ಅವತ್ತು ಬೀರು ತೆಗೆದಾಗ ಹೇಳಬೇಕಿತ್ತು.

ಕಾಲು ತೆಗೆದೆ.

ಸದ್ದಿಲ್ಲ. ಇವರು ಮಾಡಿದ ಒಂದೇ ಒಂದು ಕೆಲಸ ಉಪಯೋಗಕ್ಕೆ ಬಂತು. ಕನ್ನಡಿಯಲ್ಲಿ ಮೊದಲು ಕಿಟಕಿ ಬಂತು. ಆಮೇಲೆ ದೀಪ. ಆಮೇಲೆ ಹಸಿರು ತೋಳು. ಮತ್ತೆ ಕಾಲು ಚಾಚಿದರೆ ಇನ್ನೂ ಮುಚ್ಚಬಹುದು. ಚಾಚಲಿಲ್ಲ. ಮೊದಲ ಪಿನ್ನು ಹೊಳೆಯಿತು.

ಅವಳು ಕಾಮೆಂಟ್ ಓದುತ್ತಿದ್ದಾಳೆ. 'ಸೂಪರ್… ಥ್ಯಾಂಕ್ಯೂ… ಬೆನ್ನಲ್ಲಿ ಏನದು—' ಜೋರಾಗಿಯೇ ಓದಿಬಿಟ್ಟಳು. ನಗು ನಿಂತಿತು. ನನ್ನನ್ನು ನೋಡಲಿಲ್ಲ. ಕನ್ನಡಿ ನೋಡಲು ತಿರುಗಿದಳು. ಪೂರ್ತಿ ತಿರುಗಿದಳು. ಬೆನ್ನು ಈಗ ಫೋನಿಗೆ ಎದುರಾಗಿದೆ, ಮೇಲಿನಿಂದ ಕೆಳಕ್ಕೆ ಎಲ್ಲ ಪಿನ್ನೂ ಕಾಣುತ್ತಿವೆ.